ಏಳು ಹಳೆಯ ಸ್ಯಾಸ್ ಡಿಸ್ಕುಗಳು, ಮೂರು ತಪ್ಪು ಖರೀದಿಗಳು

ಮಡಿಕೇರಿಯ ನನ್ನ ವಿಡಿಯೊ ಸ್ಟುಡಿಯೊದಲ್ಲಿ ಆರು ಹಳೆಯ ಸರ್ವರ್ ಡಿಸ್ಕುಗಳು ಒಂದು ಮಳೆಗಾಲವನ್ನು ಪೂರ್ತಿಯಾಗಿ ದಾಟಿ ಇಂದಿಗೂ ಓಡುತ್ತಿವೆ. ತಲಾ ನಾಲ್ಕು ಟೆರಾಬೈಟಿನ ಈ ಸ್ಯಾಸ್ (ಸರ್ವರುಗಳಲ್ಲಿ ಬಳಸುವ ಡಿಸ್ಕು ಸಂಪರ್ಕ) ಡಿಸ್ಕುಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹೊತ್ತು ತಂದಾಗ, "ಗುಜರಿಗೆ ದುಡ್ಡು ಸುರಿದಿರಲ್ಲ" ಎಂದು ನಕ್ಕ ಕುಶಾಲನಗರದ ಗೆಳೆಯರೇ ಕಳೆದ ತಿಂಗಳು ಫೋನ್ ಮಾಡಿ ಕೇಬಲ್ಲಿನ ನಂಬರ್ ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಡಿಸ್ಕೊಂದಕ್ಕೆ ಬಿದ್ದದ್ದು ಎರಡು ಸಾವಿರದ ಆಸುಪಾಸು. ಪೆಟ್ಟು ಬಿದ್ದದ್ದು ಕೇಬಲ್ಲುಗಳಲ್ಲಿ. ಮೊದಲು ಸ್ಯಾಸ್‌ನಿಂದ ಸಾಟಾಕ್ಕೆ (ಸಾಮಾನ್ಯ ಕಂಪ್ಯೂಟರಿನ ಡಿಸ್ಕು ಸಂಪರ್ಕ) ಹೋಗುವ ಪುಟ್ಟ ಅಡಾಪ್ಟರುಗಳನ್ನು ಕೊಂಡೆ. ಅವು ಸರಿಯಾಗಿಯೇ ಕೂತವು, ಡಿಸ್ಕೂ ತಿರುಗಿತು, ಆದರೆ ಮದರ್‌ಬೋರ್ಡಿಗೆ ಏನೂ ಕಾಣಲಿಲ್ಲ. ಸಾಟಾ ಡಿಸ್ಕು ಸ್ಯಾಸ್ ಕಾರ್ಡಿನಲ್ಲಿ ನಡೆಯುತ್ತದೆ, ಸ್ಯಾಸ್ ಡಿಸ್ಕು ಸಾಟಾ ಪೋರ್ಟಿನಲ್ಲಿ ನಡೆಯುವುದಿಲ್ಲ ಎಂಬುದು ಗೊತ್ತಿದ್ದೂ, ಅಡಾಪ್ಟರು ಏನಾದರೂ ಮಾಡೀತು ಎಂಬ ಆಸೆಯಿತ್ತು. ಅದು ತಂತಿಯ ಜೋಡಣೆಯೇ ಹೊರತು ಭಾಷೆ ಬದಲಿಸುವುದಿಲ್ಲ.

ಬಳಿಕ ಎಲ್‌ಎಸ್‌ಐ 9211-8ಐ ಎಂಬ, ಸ್ಯಾಸ್ ಡಿಸ್ಕುಗಳನ್ನು ಜೋಡಿಸುವ ಕಾರ್ಡೊಂದನ್ನು ಸುಮಾರು ಎರಡೂವರೆ ಸಾವಿರಕ್ಕೆ ಹಿಡಿದು, ಡಿಸ್ಕುಗಳನ್ನು ಇದ್ದ ಹಾಗೆಯೇ ಕಾಣಿಸುವ ಐಟಿ ಮೋಡಿನ ಫರ್ಮ್‌ವೇರ್ ಹಾಕಿದೆ. ಅದಕ್ಕೆ ಅಗ್ಗದಲ್ಲಿ ಸಿಕ್ಕ 8087 (ಕಾರ್ಡಿನ ಬಾಯಿಯ ನಮೂನೆ) ಕೇಬಲ್ ಉಲ್ಟಾ ಜಾತಿಯದ್ದು, ಅಂದರೆ ಮದರ್‌ಬೋರ್ಡಿನ ನಾಲ್ಕು ಸಾಟಾ ಪೋರ್ಟುಗಳಿಂದ ಬ್ಯಾಕ್‌ಪ್ಲೇನಿಗೆ (ಡಿಸ್ಕುಗಳು ಕೂರುವ ಫಲಕ) ಹೋಗುವಂಥದ್ದು. ಕಾರ್ಡಿನಿಂದ ಡಿಸ್ಕಿಗೆ ಹೋಗುವುದೂ ಇದೂ ಕಣ್ಣಿಗೆ ಅವಳಿಜವಳಿ. ತಪ್ಪು ಕಾರ್ಡಿನದ್ದೆಂದು ಎರಡು ರಾತ್ರಿ ಅದಕ್ಕೇ ಮತ್ತೆ ಮತ್ತೆ ಫರ್ಮ್‌ವೇರ್ ಹಾಕಿದೆ. ಮೂರನೆಯ ಖರೀದಿಯಲ್ಲಿ 8643 ತುದಿಯದ್ದು ಬಂತು; ಅದು ಹೊಸ ತಲೆಮಾರಿನ ಕಾರ್ಡಿಗೆ, ನನ್ನದಕ್ಕೆ ಒಳಗೇ ಹೋಗಲಿಲ್ಲ. ಕೊನೆಗೆ ಕೆಲಸ ಮಾಡಿದ್ದು ಒಂದು ತುದಿಯಲ್ಲಿ 8087, ಇನ್ನೊಂದರಲ್ಲಿ ಡಿಸ್ಕಿಗೆ ನೇರ ಕೂರುವ ನಾಲ್ಕು 8482 ಇರುವ ಕೇಬಲ್, ತಲಾ ಒಂಬೈನೂರರಂತೆ ಎರಡು. ಅಂಗಡಿಯ ಹೆಸರು ಹೇಳಿದರೆ ಬೆಲೆ ಏರುತ್ತದೆ, ಹಾಗಾಗಿ ಹೇಳುವುದಿಲ್ಲ.

ಡಿಸ್ಕುಗಳು ಕಂಡವು, ಆದರೆ ನಾಲ್ಕರ ಗಾತ್ರ ಸೊನ್ನೆ. ಅವು 520 ಬೈಟ್ ಸೆಕ್ಟರಿನವು (ಸೆಕ್ಟರ್ ಎಂದರೆ ಡಿಸ್ಕು ಮಾಹಿತಿ ಬರೆಯುವ ತುಣುಕು); ನನ್ನ ಕಂಪ್ಯೂಟರಿಗೆ ಬೇಕಾದದ್ದು 512. ಎಸ್‌ಜಿ-ಫಾರ್ಮ್ಯಾಟ್ ಎಂಬ ತಂತ್ರಾಂಶದಿಂದ 512ಕ್ಕೆ ತರಲು ಒಂದೊಂದಕ್ಕೂ ಎಂಟು-ಒಂಬತ್ತು ಗಂಟೆ ಹಿಡಿಯಿತು. ಕಕ್ಕಡ ಎಂಬ ಕೊಡಗಿನ ಜೋರು ಮಳೆಯ ತಿಂಗಳಲ್ಲಿ ಇಲ್ಲಿ ಮದುವೆಗಳಿಲ್ಲ, ಕೈ ಖಾಲಿ ಎಂದು ಅದೇ ತಿಂಗಳನ್ನು ಆರಿಸಿದ್ದೆ. ಆದರೆ ಕಕ್ಕಡದಲ್ಲಿ ಕರೆಂಟೂ ಇರುವುದಿಲ್ಲ. ಆರನೆಯ ಗಂಟೆಗೆ ಕರೆಂಟು ಹೋಗಿ, ಒಂದು ಡಿಸ್ಕು ಫಾರ್ಮ್ಯಾಟ್ ಕೆಟ್ಟಿದೆಯೆಂದು ಹೇಳತೊಡಗಿತು. ಭಯಪಡದೆ ಮೊದಲಿನಿಂದ ಮತ್ತೆ ಓಡಿಸಿದರೆ ಸರಿಹೋಗುತ್ತದೆ. ನಾನು ಮಾತ್ರ ಭಯಪಟ್ಟೆ. ಆಮೇಲೆಲ್ಲ ಇನ್ವರ್ಟರಿನ ಮೇಲೆಯೇ ಮಾಡಿದೆ.

ವಿದ್ಯುತ್ತಿನ ಕಡೆ, ಮೋಲೆಕ್ಸಿನಿಂದ (ನಾಲ್ಕು ಪಿನ್ನಿನ ಹಳೆಯ ಪವರ್ ಬಾಯಿ) ಸಾಟಾಕ್ಕೆ ಹೋಗುವ, ಅಚ್ಚಿನಲ್ಲಿ ಹೊಯ್ದ ಅಡಾಪ್ಟರುಗಳನ್ನು ಕಂಡರೆ ದೂರವಿರಿ. ನನ್ನದೊಂದು ಬಿಸಿಯಾಗಿ ಸುಟ್ಟ ವಾಸನೆ ಬಂದಿತ್ತು. ತಂತಿಯನ್ನು ಒಂದೊಂದಾಗಿ ಒತ್ತಿ ಕೂರಿಸಿದ ಕ್ರಿಂಪ್ ಜಾತಿಯವು ತಣ್ಣಗೇ ಇವೆ. ತಿರುಗಲಾರಂಭಿಸುವಾಗ ಒಂದೊಂದೂ 12 ವೋಲ್ಟಿನಲ್ಲಿ ಎರಡು ಆಂಪಿಯರಿನಷ್ಟು ಎಳೆಯುವುದರಿಂದ ಆರೂ ಒಟ್ಟಿಗೇ ಎದ್ದಾಗ ಹಳೆಯ ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಪೆಟ್ಟಿಗೆ) ಮಲಗಿಬಿಟ್ಟಿತ್ತು. ಅದನ್ನು ಬದಲಿಸದೆಯೇ ನಿಭಾಯಿಸಿದ್ದೇನೆ, ಹೇಗೆಂಬುದು ನನ್ನ ಗುಟ್ಟು.

ಇದರ ನಡುವೆ, ಕೈಗೆ ಬಂದ ಒಂದು ಸರ್ವರ್ ಸಾಟಾ ಡಿಸ್ಕು ಏಳಲೇ ಇಲ್ಲ. ಅದರ ಪವರ್ ಬಾಯಿಯ ಮೂರನೆಯ ಪಿನ್ನಿಗೆ 3.3 ವೋಲ್ಟ್ ಬಂದರೆ ಡಿಸ್ಕು ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಆ ಪಿನ್ನಿನ ಮೇಲೆ ವಿದ್ಯುತ್ ಹರಿಯಗೊಡದ ಕ್ಯಾಪ್ಟಾನ್ ಟೇಪಿನ ಚೂರು ಅಂಟಿಸಿದೊಡನೆ ಎದ್ದಿತು. ಬಿಡಿಯಾಗಿ ಉಳಿದ ಏಳನೆಯ ಸ್ಯಾಸ್ ಡಿಸ್ಕನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಟ್ಟಿದ್ದೆ, ನಮ್ಮ ಮಂಜಿಗೆ ಆ ನೀಲಿ ಹರಳು ನಾಲ್ಕೇ ದಿನದಲ್ಲಿ ಗುಲಾಬಿಯಾಯಿತು. ಈಗ ಡಬ್ಬಿಯನ್ನು ಕಾರ್ಡಿನ ಬಿಸಿಗಾಳಿಯ ಹಾದಿಯಲ್ಲೇ ಇಟ್ಟಿದ್ದೇನೆ.

ತಪ್ಪು ಖರೀದಿಗಳನ್ನೂ ಸೇರಿಸಿ ಒಟ್ಟು ಇಪ್ಪತ್ತೊಂದು ಸಾವಿರ ಆಗಿರಬಹುದು. ಓಡುತ್ತಿರುವ ಡಿಸ್ಕೊಂದರ ದೋಷಪಟ್ಟಿ (ಕೆಟ್ಟ ತುಣುಕುಗಳ ಎಣಿಕೆ) ಎರಡು ತಿಂಗಳಲ್ಲಿ ಮೂರರಿಂದ ಹದಿನಾಲ್ಕಕ್ಕೆ ಏರಿದೆ. ಡಬ್ಬಿಯ ಏಳನೆಯದು ಅದರ ಜಾಗಕ್ಕೆಂದೇ ಕಾಯುತ್ತಿದೆ.