ಹಿಂದಿನ ಆಕ್ಸಲ್ ಗುಂಯ್ ಅಂದಾಗ: ಜಿಪ್ಸಿಯ ಬೇರಿಂಗ್ ಬದಲಿಸಿದ ನನ್ನ ಅನುಭವ

ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಫಿಟ್ಟರ್. ಬೆಳಗಾದರೆ ಬೇರಿಂಗ್ ಜೊತೆಗೇ ಕೆಲಸ. ಎಲಿವೇಟರ್, ಬ್ಲೋವರ್, ಮೋಟರ್, ಎಲ್ಲದರ ಹೊಟ್ಟೆಯಲ್ಲೂ ಅವೇ. ನನ್ನ ಹತ್ತಿರ 2004ರ ಮಾರುತಿ ಜಿಪ್ಸಿ ಇದೆ. ಭಾನುವಾರ ಬಂತೆಂದರೆ ಆನೆಗೊಂದಿ ಕಡೆಯ ಬಂಡೆಗಳ ನಡುವಿನ ದಾರಿ, ಸಾಣಾಪುರದ ಗುಡ್ಡ. ಮಳೆ ನಿಂತ ಮೇಲೆ ಸಂಡೂರಿನ ಕೆಮ್ಮಣ್ಣಿನ ಏರು. ಗಾಡಿಯ ಒಂದೊಂದು ಸದ್ದೂ ನನಗೆ ಗೊತ್ತು. ಅದಕ್ಕೇ ಹೊಸ ಸದ್ದೊಂದು ಸೇರಿಕೊಂಡಾಗ ಸುಮ್ನೆ ಇರೋದಕ್ಕೆ ಆಗಲಿಲ್ಲ.

ಮೊದಲು 40 ಕಿಲೋಮೀಟರ್ ವೇಗದಲ್ಲಿ ಸಣ್ಣಗೆ ಗುಂಯ್ ಅನ್ನುತ್ತಿತ್ತು. 60ಕ್ಕೆ ಹೋದರೆ ಪಕ್ಕದಲ್ಲಿ ಕೂತವರ ಮಾತು ಕೇಳದಷ್ಟು. ಹಿಂದಿನಿಂದ ಬರುತ್ತಿದೆ ಅನ್ನೋದು ಖಚಿತ. ಎಡಕ್ಕೋ ಬಲಕ್ಕೋ ನಡುವಿಗೋ, ಅದು ತಿಳಿಯುತ್ತಿರಲಿಲ್ಲ. ನನ್ನ ಕಿವಿಗೆ ಎಡಗಡೆ ಅನ್ನಿಸುತ್ತಿತ್ತು. ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿಯವರು ಒಂದು ಸುತ್ತು ಓಡಿಸಿ, "ಕ್ರೌನ್ ಪಿನಿಯನ್ ಹೋಗೇತ್ರಿ, ಸೆಟ್ಟೇ ಬದಲಿ ಮಾಡಬೇಕು" ಅಂದರು. ಗಾಲಿ ಎತ್ತಿ ನೋಡಲಿಲ್ಲ, ಆಯಿಲ್ ತೆಗೆದು ನೋಡಲಿಲ್ಲ. ಕ್ರೌನ್ ಪಿನಿಯನ್ ಅಂದರೆ ಹಿಂದಿನ ಆಕ್ಸಲ್ ನಡುವೆ ಇದ್ದು ಎಂಜಿನ್ ಬಲವನ್ನು ಗಾಲಿಗಳ ಕಡೆ ತಿರುಗಿಸುವ ಹಲ್ಲುಚಕ್ರಗಳ ಜೋಡಿ. ಅದನ್ನು ಬದಲಿಸೋದು ಸಣ್ಣ ಕೆಲಸ ಅಲ್ಲ. ಶಿಮ್ ಅನ್ನುವ ತೆಳು ತಗಡು ಹಾಕಿ, ಹಲ್ಲಿಗೆ ಹಲ್ಲು ಕೂರುವ ಜಾಗ ನೋಡಿ, ಆಟ ಅಂದರೆ ಸಡಿಲ ಎಷ್ಟಿದೆ ಅಂತ ಅಳೆದು ಕೂರಿಸಬೇಕು. ಸರಿ ಇರುವ ಸೆಟ್ಟನ್ನು ಬಿಚ್ಚಿದರೆ ಅದನ್ನು ಮೊದಲಿನ ಹಾಗೆ ಕೂರಿಸೋದೇ ಕಷ್ಟ. ಗಾಡಿ ವಾಪಸ್ ತಂದೆ.

ಮಿಲ್ಲಿನಲ್ಲಿ ನಾವು ಸದ್ದು ಬಂದ ಕೂಡಲೇ ಪಾರ್ಟ್ ತರೋದಿಲ್ಲ. ಲೋಡ್ ಹಾಕಿ, ತೆಗೆದು, ವೇಗ ಕಡಿಮೆ ಮಾಡಿ, ಜಾಸ್ತಿ ಮಾಡಿ, ಸದ್ದು ಯಾವುದರ ಜೊತೆ ಬದಲಾಗುತ್ತದೆ ಅಂತ ನೋಡುತ್ತೇವೆ. ಗಾಡಿಗೂ ಅದನ್ನೇ ಮಾಡಿದೆ. ಬೆಳಗಿನ ಜಾವ ಹಿಟ್ನಾಳ ಕ್ರಾಸಿನಿಂದ ಕುಷ್ಟಗಿ ಕಡೆ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹೊರಟೆ. ರಸ್ತೆ ನುಣುಪಾಗಿದೆ, ಆ ಹೊತ್ತಿಗೆ ಲಾರಿ ಕಡಿಮೆ.

60ರಲ್ಲಿ ನ್ಯೂಟ್ರಲ್‌ಗೆ ಹಾಕಿ ಬಿಟ್ಟೆ. ಎಂಜಿನ್ ಸದ್ದು ಇಳಿಯಿತು, ಗುಂಯ್ ಹಾಗೇ ಉಳಿಯಿತು. ಅಂದರೆ ಎಂಜಿನ್ನಿಗೂ ಇದಕ್ಕೂ ಸಂಬಂಧ ಇಲ್ಲ, ಉರುಳುವ ಭಾಗದಲ್ಲೇ ಇದೆ. ಮತ್ತೆ ಟಾಪ್ ಗೇರ್ ಹಾಕಿ ಆಕ್ಸಲರೇಟರ್ ಒತ್ತಿದೆ, ಬಿಟ್ಟೆ, ಒತ್ತಿದೆ, ಬಿಟ್ಟೆ. ಸದ್ದಿನ ದನಿ ಬದಲಾಗಲೇ ಇಲ್ಲ. ನನ್ನ ಪಾಲಿಗೆ ದೊಡ್ಡ ಸುಳಿವು ಇದೇ. ಕ್ರೌನ್ ಪಿನಿಯನ್ ಹಲ್ಲು ಸವೆದಿದ್ದರೆ, ಇಲ್ಲ ಪಿನಿಯನ್ ಬೇರಿಂಗ್ ಸಡಿಲಾಗಿದ್ದರೆ, ಎಳೆಯುವಾಗ ಒಂದು ದನಿ, ಬಿಟ್ಟಾಗ ಇನ್ನೊಂದು ದನಿ ಬರುತ್ತದೆ. ಯಾಕೆಂದರೆ ಒತ್ತಿದಾಗ ಹಲ್ಲಿನ ಒಂದು ಮುಖಕ್ಕೆ ಭಾರ, ಬಿಟ್ಟಾಗ ಇನ್ನೊಂದು ಮುಖಕ್ಕೆ. ಗಾಲಿ ಬೇರಿಂಗಿಗೆ ಆ ಲೆಕ್ಕ ಇಲ್ಲ. ಅದು ಹೊರೋದು ಗಾಡಿಯ ತೂಕ.

ಆಮೇಲೆ ಟಯರ್. ನನ್ನ ಗಾಡಿಗೆ ದಪ್ಪ ಹಲ್ಲಿನ ಮಡ್ ಟಯರ್ ಇದೆ. ಅವು ತಾವೇ ಊಳಿಡುತ್ತವೆ, ಹಾಗಾಗಿ ಬೇರಿಂಗ್ ಸದ್ದು ಅದರಡಿಯಲ್ಲಿ ಮುಚ್ಚಿಹೋಗುತ್ತದೆ. ಡಾಂಬರು ಬಿಟ್ಟು ಪಕ್ಕದ ಮಣ್ಣಿನ ರಸ್ತೆಗೆ ಇಳಿಸಿದೆ. ಟಯರ್ ಊಳು ನಿಂತಿತು, ಗುಂಯ್ ನಿಲ್ಲಲಿಲ್ಲ. ಟಯರಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಆಯಿತು.

ಕೊನೆಗೆ ಖಾಲಿ ರಸ್ತೆಯಲ್ಲಿ 40ರ ವೇಗದಲ್ಲಿ ಸ್ಟೇರಿಂಗನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ತೂಗಿದೆ. ಎಡಕ್ಕೆ ತಿರುಗಿದಾಗ ಗುಂಯ್ ಏರಿತು, ಬಲಕ್ಕೆ ತಿರುಗಿದಾಗ ಇಳಿಯಿತು. ಎಡಕ್ಕೆ ತಿರುಗಿದರೆ ತೂಕ ಬಲಗಾಲಿಗೆ ಬೀಳುತ್ತದೆ. ಹಾಗಾದರೆ ಕೆಟ್ಟದ್ದು ಬಲಗಡೆ. ನನ್ನ ಕಿವಿ ಹೇಳಿದ್ದು ಎಡಗಡೆ! ಆಕ್ಸಲ್ ಹೌಸಿಂಗ್ ಒಂದು ಉದ್ದನೆಯ ಕಬ್ಬಿಣದ ಕೊಳವೆ. ಒಂದು ತುದಿಯ ಸದ್ದನ್ನು ಇನ್ನೊಂದು ತುದಿಗೆ ಒಯ್ದುಬಿಡುತ್ತದೆ. ಅದಕ್ಕೇ ಕಿವಿಯೊಂದನ್ನೇ ನಂಬಿ ಬಿಚ್ಚಬಾರದು.

ಮನೆಗೆ ಬಂದ ಕೂಡಲೇ ಎರಡೂ ಹಿಂದಿನ ಬ್ರೇಕ್ ಡ್ರಮ್ ಮುಟ್ಟಿ ನೋಡಿದೆ. ಎಡದ್ದು ಉಗುರುಬೆಚ್ಚಗೆ, ಬಲದ್ದರ ಮೇಲೆ ಕೈ ಇಡೋಕಾಗಲಿಲ್ಲ. ಬ್ರೇಕ್ ಹಿಡಿದುಕೊಂಡಿದ್ದರೂ ಡ್ರಮ್ ಬಿಸಿ ಆಗುತ್ತದೆ, ಆದ್ದರಿಂದ ಇದೊಂದನ್ನೇ ನಂಬುವ ಹಾಗಿಲ್ಲ. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂದೆ ಜಾಕ್ ಹಾಕಿ, ಹೌಸಿಂಗ್ ಕೆಳಗೆ ಸ್ಟ್ಯಾಂಡ್ ಕೊಟ್ಟೆ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಬೇಡಿ, ದಯವಿಟ್ಟು. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಬಲಗಾಲಿಯನ್ನು ಕೈಯಲ್ಲಿ ತಿರುಗಿಸಿದೆ. ಸಲೀಸಾಗಿ ತಿರುಗಿತು, ಡ್ರಮ್ ಎಲ್ಲೂ ಹಿಡಿಯಲಿಲ್ಲ. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಡ್ರಮ್ಮಿನ ಹಿಂದೆ ಇರುವ ಬ್ಯಾಕ್ ಪ್ಲೇಟಿನ ಬೋಲ್ಟಿಗೆ ಒತ್ತಿ ಹಿಡಿಕೆಯನ್ನು ಕಿವಿಗೆ ಇಟ್ಟೆ. ರಾಗಿ ಬೀಸುವ ಕಲ್ಲಿನ ಹಾಗೆ ಗರ ಗರ ಅಂದಿತು. ಎಡಗಡೆ ಅದೇ ಸ್ಕ್ರೂ ಡ್ರೈವರಿಗೆ ಶ್ ಅನ್ನುವಷ್ಟೇ. ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಬಲಗಡೆ ಕೈಗೆ ತಿಳಿಯುವಷ್ಟು ಆಟ.

ಎಂಜಿನ್ ಬಲವನ್ನು ಹಿಂದಿನ ಆಕ್ಸಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಕ್ರಾಸುಗಳನ್ನೂ ತಿರುಚಿ ನೋಡಿದೆ. ಗಟ್ಟಿಯಾಗಿದ್ದವು. ಅವು ಹೋಗಿದ್ದರೆ ಗುಂಯ್ ಅನ್ನೋದಿಲ್ಲ. ಗಾಡಿ ಹೊರಡುವಾಗ, ರಿವರ್ಸ್ ಹಾಕುವಾಗ ಟಕ್ ಅನ್ನುತ್ತವೆ.

ಕ್ರೌನ್ ಪಿನಿಯನ್ ಕೂರುವ ಡಿಫರೆನ್ಷಿಯಲ್ಲಿನ ಆಯಿಲ್ ಇಳಿಸಿದಾಗ ವಿಷಯ ಪೂರ್ತಿ ಗೊತ್ತಾಯಿತು. ತೊಂಬತ್ತು ನಂಬರ್ ಆಯಿಲ್ ಜೇನಿನ ಬಣ್ಣದಲ್ಲಿರಬೇಕು, ಹಳೆಯದಾದರೆ ಕಪ್ಪು. ನನ್ನದು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ನೀರು ಸೇರಿದೆ. ಬೆರಳಲ್ಲಿ ಉಜ್ಜಿದೆ, ಆಯಸ್ಕಾಂತ ಆಡಿಸಿದೆ. ಬೂದಿಯಂಥ ನುಣ್ಣನೆ ಪುಡಿ ಬಿಟ್ಟರೆ ಚೂರು, ಪದರ ಯಾವುದೂ ಸಿಗಲಿಲ್ಲ. ಅಷ್ಟು ಪುಡಿ ಎಲ್ಲ ಹೌಸಿಂಗಿನಲ್ಲೂ ಇರುತ್ತದೆ. ಕ್ರೌನ್ ಪಿನಿಯನ್ ಚೆನ್ನಾಗಿದೆ ಅಂತ ಆಗ ಧೈರ್ಯ ಬಂತು.

ನೀರು ಎಲ್ಲಿಂದ ಬಂತು? ನಾಟಿ ಸಮಯದಲ್ಲಿ ಕಾರಟಗಿ ಹತ್ತಿರ ನಮ್ಮ ಭಾವನ ಗದ್ದೆಯಲ್ಲಿ ಟಿಲ್ಲರ್ ಹೂತಿತ್ತು. ಎಡದಂಡೆ ಕಾಲುವೆ ನೀರು ಬಿಟ್ಟಿದ್ದರು. ಗಂಗಾವತಿಯಿಂದ ಒಂದೇ ಸಮ ಓಡಿಸಿಕೊಂಡು ಹೋದವನು ಬಿಸಿ ಗಾಡಿಯನ್ನು ಹಾಗೇ ರಾಡಿಗೆ ಇಳಿಸಿದ್ದೆ. ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಎಳೆದುಕೊಳ್ಳುತ್ತದೆ. ಆ ಗಾಳಿ ಆಡೋದಕ್ಕೇ ಹೌಸಿಂಗ್ ಮೇಲೆ ಬ್ರೀದರ್ ಇರೋದು. ನನ್ನದರ ಬ್ರೀದರ್ ಎರೆಮಣ್ಣು ಕಟ್ಟಿಕೊಂಡು ಕಲ್ಲಾಗಿತ್ತು. ದಾರಿ ಮುಚ್ಚಿದ್ದರಿಂದ ಅದು ಗಾಲಿ ತುದಿಯ ಸೀಲುಗಳ ಸಂದಿನಿಂದ ನೀರು ಎಳೆದುಕೊಂಡಿತು, ಬೇರಿಂಗನ್ನು ತೋಯಿಸಿಕೊಂಡೇ. ಇದು ತಿಳಿಯದೆ ಬೇರಿಂಗ್ ಮಾತ್ರ ಬದಲಿಸಿದ್ದರೆ ಮುಂದಿನ ಮಳೆಗಾಲಕ್ಕೆ ಹೊಸದೂ ಹೋಗುತ್ತಿತ್ತು.

ಗಾಲಿ ತಿರುಗಿಸುವ ಆಕ್ಸಲ್ ಶಾಫ್ಟ್ ಹೊರಗೆ ತೆಗೆಯೋದು ಹೀಗೆ. ಗಾಲಿ ಬಿಚ್ಚಿ, ಡ್ರಮ್ಮಿನಲ್ಲಿರುವ ಎರಡು ಥ್ರೆಡ್ ತೂತುಗಳಿಗೆ ಬೋಲ್ಟ್ ಹಾಕಿ ಸಮನಾಗಿ ತಿರುಗಿಸಿದರೆ ಡ್ರಮ್ ತಾನೇ ಹೊರಗೆ ಬರುತ್ತದೆ. ಸುತ್ತಿಗೆ ಏಟು ಬೇಡ, ಡ್ರಮ್ ಸೀಳುತ್ತದೆ. ಬ್ರೇಕ್ ಪೈಪ್, ಹ್ಯಾಂಡ್ ಬ್ರೇಕ್ ಕೇಬಲ್ ಬಿಚ್ಚಿ, ಬ್ಯಾಕ್ ಪ್ಲೇಟಿನ ನಟ್ ತೆಗೆದರೆ ಶಾಫ್ಟು ಬ್ಯಾಕ್ ಪ್ಲೇಟ್ ಸಮೇತ ಬರಬೇಕು. ತುಕ್ಕು ಹಿಡಿದಿದ್ದರೆ ಬರೋದಿಲ್ಲ. ಶಾಫ್ಟನ್ನು ಹೊರಕ್ಕೆ ಜಗ್ಗುವ ಸ್ಲೈಡ್ ಹ್ಯಾಮರ್ ಇಲ್ಲದ ನಾನು ಡ್ರಮ್ಮನ್ನೇ ತಿರುವು ಮಾಡಿ ಸ್ಟಡ್ಡುಗಳಿಗೆ ಸಡಿಲವಾಗಿ ತೂಗುಹಾಕಿ, ಮೇಲೆ ನಟ್ ಕೊಟ್ಟು, ಎರಡೂ ಕೈಯಲ್ಲಿ ಹಿಡಿದು ಹೊರಕ್ಕೆ ಜಗ್ಗಿದೆ. ನಾಲ್ಕನೇ ಏಟಿಗೆ ಶಾಫ್ಟ್ ಜಾರಿತು.

ಬೇರಿಂಗಿನ ಒಳಗೆ ಗ್ರೀಸ್ ಇರಬೇಕಾದ ಕಡೆ ಕಂದು ಬಣ್ಣದ ಅಂಟು. ಆಮೇಲೆ ಹೊರ ರೇಸ್, ಅಂದರೆ ಬೇರಿಂಗಿನ ಹೊರಗಿನ ಬಳೆ, ಒಡೆದು ನೋಡಿದೆ. ಗುಂಡುಗಳು ಓಡುವ ಹಾದಿಯಲ್ಲಿ ಒಂದು ಕಡೆ ಅಕ್ಕಿ ಕಾಳಿನಷ್ಟು ಉಕ್ಕು ಎದ್ದುಹೋಗಿ ಕುಳಿ ಬಿದ್ದಿತ್ತು. ಅದರ ಅಂಚಿಗೆ ಉಗುರು ಸಿಕ್ಕುತ್ತಿತ್ತು. ಪ್ರತಿ ಗುಂಡೂ ಆ ಕುಳಿಗೆ ಬಿದ್ದು ಏಳುವ ಸದ್ದೇ ಆ ಗುಂಯ್.

ಜಿಪ್ಸಿಯಲ್ಲಿ ಬೇರಿಂಗನ್ನು ಶಾಫ್ಟಿನ ಮೇಲೆ ಹಿಡಿದಿಡೋದು ಒಂದು ಉಕ್ಕಿನ ರಿಂಗ್. ಆ ರಿಂಗ್ ಜಾರಿದರೆ ಗಾಲಿ ಶಾಫ್ಟ್ ಸಮೇತ ಹೊರಗೆ ಬರುತ್ತದೆ. ಅದಕ್ಕೇ ಹಳೆ ರಿಂಗ್ ಮತ್ತೆ ಹಾಕುವ ಮಾತೇ ಇಲ್ಲ. ಗ್ರೈಂಡರಿನಲ್ಲಿ ಒಂದು ಕಡೆ ತೆಳ್ಳಗೆ ಕೊರೆದು, ಶಾಫ್ಟಿಗೆ ತಾಗುವ ಮೊದಲೇ ನಿಲ್ಲಿಸಿ, ಚಾಣ ಇಟ್ಟು ಒಂದು ಏಟು ಕೊಟ್ಟರೆ ಟಪ್ ಅಂತ ಬಿರಿಯುತ್ತದೆ. ಶಾಫ್ಟಿನ ಮೇಲೆ ಗೀರು ಬಿದ್ದರೆ ಅಲ್ಲಿಂದಲೇ ಅದು ಮುಂದೆ ಮುರಿಯೋದು. ಹಾಗಾಗಿ ಈ ಕೆಲಸಕ್ಕೆ ಅವಸರ ಮಾಡಲಿಲ್ಲ, ಅರ್ಧ ಗಂಟೆ ಹಿಡಿಯಿತು.

ಇನ್ನು ಬೇರಿಂಗ್ ಆರಿಸೋದು. ಗಂಗಾವತಿಯಲ್ಲಿ ರೈಸ್ ಮಿಲ್ಲುಗಳಿರೋದರಿಂದ ಬೇರಿಂಗ್ ಅಂಗಡಿಗಳಿಗೆ ಕೊರತೆ ಇಲ್ಲ. ಅಂಗಡಿಯವರು ಕೇಳಿದ ಮೊದಲ ಮಾತು, "ಮಿಲ್ಲಿಗೋ ಗಾಡಿಗೋ ಅಣ್ಣಾ?" ಒಳ್ಳೆಯ ಪ್ರಶ್ನೆ. ಹಳೆಯದರ ಮೇಲಿನ ನಂಬರನ್ನು ಬಟ್ಟೆಯಿಂದ ಒರೆಸಿ ಬರೆದುಕೊಂಡಿದ್ದೆ. ಸೀಲ್ ಯಾವ ಕಡೆ ಇತ್ತು ಅಂತಲೂ ಬರೆದಿದ್ದೆ. ವರ್ನಿಯರಿನಲ್ಲಿ ಒಳ ಅಳತೆ, ಹೊರ ಅಳತೆ, ದಪ್ಪ ಮೂರನ್ನೂ ತೆಗೆದಿದ್ದೆ. ಒಮ್ಮೆ ಯಾರಾದರೂ ಬೇರೆ ನಂಬರಿನದನ್ನು ಹಾಕಿ ಹೋಗಿದ್ದರೆ ಹಳೆ ನಂಬರೊಂದನ್ನೇ ನಂಬೋಕಾಗೋದಿಲ್ಲ ಅಲ್ವಾ?

ನಂಬರ್ ಓದೋದು ಕಷ್ಟ ಅಲ್ಲ. ಉದಾಹರಣೆಗೆ 6207 ಅಂದರೆ ಕೊನೆಯ 07ನ್ನು 5ರಿಂದ ಗುಣಿಸಿದರೆ 35, ಅದೇ ಒಳ ಅಳತೆ ಮಿಲಿಮೀಟರಿನಲ್ಲಿ. ಅದರ ಹೊರ ಅಳತೆ 72, ದಪ್ಪ 17. 6307 ತೆಗೆದುಕೊಂಡರೆ ಒಳಗೆ ಅದೇ 35, ಆದರೆ ಹೊರಗೆ 80, ದಪ್ಪ 21. ಒಂದು ಅಂಕಿ ತಪ್ಪಿದರೆ ಹೌಸಿಂಗಿಗೇ ಕೂರೋದಿಲ್ಲ. ನಂಬರಿನ ಹಿಂದಿನ ಅಕ್ಷರಗಳನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ತಪ್ಪಾಗೋದೇ ಅಲ್ಲಿ. ಝಡ್‌ಝಡ್ ಅಂದರೆ ಎರಡೂ ಕಡೆ ತಗಡಿನ ಮುಚ್ಚಳ. ಅದು ಒಳ ರೇಸಿಗೆ ತಾಗೋದಿಲ್ಲ, ಧೂಳು ತಡೆದೀತು, ನೀರು ತಡೆಯೋದಿಲ್ಲ. 2ಆರ್‌ಎಸ್ ಅಂದರೆ ಎರಡೂ ಕಡೆ ರಬ್ಬರ್ ಸೀಲ್, ತುಟಿ ರೇಸಿಗೆ ಒತ್ತಿಕೊಂಡಿರುತ್ತದೆ. ರಾಡಿಗೆ ಇಳಿಯುವ ಗಾಡಿಗೆ ತಗಡಿನದು ಬೇಡವೇ ಬೇಡ. ಸಿ3 ಅಂದರೆ ಒಳಗಿನ ಸಡಿಲ ಸ್ವಲ್ಪ ಜಾಸ್ತಿ. ನಮ್ಮ ಮಿಲ್ಲಿನ ಮೋಟರುಗಳಿಗೆ ಅದೇ ಬೇಕು, ಬಿಸಿಗೆ ಹಿಗ್ಗುತ್ತವೆ. ಹಾಗಂತ ಗಾಡಿಗೂ ಕಣ್ಣುಮುಚ್ಚಿ ಸಿ3 ಹಾಕೋದು ಸರಿಯಲ್ಲ. ಹಳೆಯದರಲ್ಲಿ ಏನಿತ್ತೋ ಅದೇ ತಂದೆ.

ಗೆಳೆಯರೊಬ್ಬರು ಟೇಪರ್ ಬೇರಿಂಗ್ ಹಾಕಿಸು, ಗಟ್ಟಿ ಅಂದರು. ಟೇಪರ್ ಭಾರ ಹೊರುತ್ತದೆ ನಿಜ. ಆದರೆ ಪಕ್ಕದ ಒತ್ತಡವನ್ನು ಒಂದೇ ದಿಕ್ಕಿನಲ್ಲಿ ತಡೆಯುತ್ತದೆ, ಎದುರಿಗೆ ಜೋಡಿ ಬೇಕು, ಆಟ ಹೊಂದಿಸುವ ವ್ಯವಸ್ಥೆ ಬೇಕು. ಗುಂಡಿನ ಬೇರಿಂಗಿಗೆ ಮಾಡಿದ ಹೌಸಿಂಗಿನಲ್ಲಿ ಅದು ಯಾವುದೂ ಇಲ್ಲ.

ಡುಪ್ಲಿಕೇಟ್ ಮಾಲು ಎಲ್ಲ ಕಡೆ ಇದೆ. ಪೆಟ್ಟಿಗೆಯ ಅಚ್ಚು ನೋಡಿದೆ, ರೇಸ್ ಮೇಲಿನ ಬರಹ ನೋಡಿದೆ, ಬಿಲ್ ಕೇಳಿ ತೆಗೆದುಕೊಂಡೆ. ದೊಡ್ಡ ಕಂಪನಿಗಳು ಅಸಲಿಯೋ ಅಲ್ಲವೋ ನೋಡೋದಕ್ಕೆ ಮೊಬೈಲ್ ಆ್ಯಪ್ ಕೊಟ್ಟಿವೆ. ಉಪಯೋಗಿಸಿ. ಬೇರಿಂಗ್ ಜೊತೆಗೆ ಹೊಸ ರಿಂಗು, ಆಯಿಲ್ ಸೀಲು ಎರಡೂ ತಂದೆ.

ಹೊಸ ಬೇರಿಂಗನ್ನು ಡೀಸೆಲ್ಲಿನಲ್ಲಿ ತೊಳೆದು, ಕಂಪ್ರೆಸರ್ ಗಾಳಿಯಲ್ಲಿ ಗಿರಗಿರ ತಿರುಗಿಸೋದು ನಮ್ಮ ಕಡೆ ಒಂದು ಅಭ್ಯಾಸ. ದಯವಿಟ್ಟು ಬೇಡ. ಸೀಲ್ ಇರುವ ಬೇರಿಂಗಿನಲ್ಲಿ ಗ್ರೀಸ್ ತುಂಬಿಯೇ ಬರುತ್ತದೆ. ತೊಳೆದರೆ ಅದು ಹೋಯಿತು. ಒಣಗಿದ ಬೇರಿಂಗನ್ನು ಗಾಳಿಯಲ್ಲಿ ತಿರುಗಿಸಿದರೆ ಗುಂಡು ಹಾದಿಯನ್ನು ಕೆರೆಯುತ್ತದೆ.

ಪ್ರೆಸ್ ಕೆಲಸವನ್ನು ಲೇಥ್ ಅಂಗಡಿಯ ಚಾಚಾ ಹತ್ತಿರ ಮಾಡಿಸಿದೆ. ಮೈಕ್ರೋಮೀಟರ್ ಹಿಡಿದು ಬೇರಿಂಗ್ ಕೂರುವ ಜಾಗ ಅಳೆದು, "ಶಾಫ್ಟ್ ಛಲೋ ಐತಿ, ಬೇರಿಂಗ್ ಅದರ ಮ್ಯಾಲೆ ತಿರುಗಿಲ್ಲ" ಅಂದರು. ಕೈಯಲ್ಲಿ ತಳ್ಳಿದರೇ ಬೇರಿಂಗ್ ಕೂತುಬಿಟ್ಟರೆ ಶಾಫ್ಟ್ ಸವೆದಿದೆ ಅಂತ ಅರ್ಥ. ಬೇರಿಂಗ್ ಏರಿಸುವ ಮೊದಲು ಬ್ಯಾಕ್ ಪ್ಲೇಟ್ ಶಾಫ್ಟಿಗೆ ಹಾಕಿರಬೇಕು. ಮರೆತರೆ ಎಲ್ಲ ಮತ್ತೆ ಕತ್ತರಿಸಬೇಕು. ಚಾಚಾ ಒಳ ರೇಸಿಗೆ ಸರಿಯಾಗಿ ಕೂರುವ ಪೈಪ್ ತುಂಡು ಇಟ್ಟು ಒತ್ತಿದರು. ಹೊರ ರೇಸ್ ಮೇಲೆ ಒತ್ತಿದರೆ ಆ ಬಲವೆಲ್ಲ ಗುಂಡುಗಳ ಮೂಲಕ ಹೋಗಿ ಹಾದಿಯಲ್ಲಿ ತಗ್ಗು ಬೀಳುತ್ತದೆ. ಹೊಸ ಬೇರಿಂಗ್ ಮೊದಲ ದಿನವೇ ಸದ್ದು ಮಾಡುತ್ತದೆ.

ಸೀಲ್ ತುಟಿಗೆ ಗ್ರೀಸ್ ಸವರಿ, ಶಾಫ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಒಳಗೆ ಬಿಟ್ಟೆ. ಶಾಫ್ಟಿನ ಒಳತುದಿಯ ಸ್ಪ್ಲೈನ್ ಹಲ್ಲುಗಳು ಸೀಲಿಗೆ ತಾಗಿದರೆ ಸೀಲ್ ಸೀಳುತ್ತದೆ. ಹೌಸಿಂಗನ್ನು ಹೊಸ ಆಯಿಲ್ ಸ್ವಲ್ಪ ಹಾಕಿ ಒಮ್ಮೆ ತೊಳೆದು ಇಳಿಸಿ, ಆಮೇಲೆ ಜಿಎಲ್-5 ಗೇರ್ ಆಯಿಲ್ ತುಂಬಿದೆ. ಬ್ರೇಕಿನ ಗಾಳಿ ತೆಗೆದೆ. ಬ್ರೀದರ್ ತೆಗೆದು ಅಲ್ಲಿಂದ ರಬ್ಬರ್ ಪೈಪ್ ಎಳೆದು, ಆಕ್ಸಲ್ ಮೇಲೆ ಕೆಳಗೆ ಆಡೋದಕ್ಕೆ ಸಾಕಷ್ಟು ಸಡಿಲ ಬಿಟ್ಟು, ಹಿಂದಿನ ಲೈಟಿನ ಎತ್ತರಕ್ಕೆ ಕಟ್ಟಿದೆ. ಬಾಯಿ ಕೆಳಮುಖ.

ಎಡಗಡೆಯದನ್ನೂ ಅದೇ ವಾರ ಬಿಚ್ಚಿದೆ. ಅದರಲ್ಲಿ ಕುಳಿ ಬಿದ್ದಿರಲಿಲ್ಲ. ಆದರೆ ಗ್ರೀಸ್ ಕಂದು ಬಣ್ಣಕ್ಕೆ ತಿರುಗಲು ಶುರುವಾಗಿತ್ತು. ಅದನ್ನೂ ಬದಲಿಸಿದೆ.

ಮತ್ತೆ ಅದೇ ಹಿಟ್ನಾಳ ಕ್ರಾಸು, ಅದೇ ಬೆಳಗಿನ ಜಾವ. 60ರಲ್ಲಿ ಟಯರ್ ಊಳು ಮಾತ್ರ ಕೇಳಿಸಿತು. ಕುಷ್ಟಗಿಯಲ್ಲಿ ನಿಲ್ಲಿಸಿ ಇಳಿದು ಎರಡೂ ಡ್ರಮ್ ಮುಟ್ಟಿದೆ. ಎರಡೂ ಒಂದೇ ಬಿಸಿ, ಕೈ ಇಟ್ಟುಕೊಂಡು ನಿಲ್ಲುವಷ್ಟು.