ಹಸೆದೆರಾದ 399 ಮೆಟ್ಟಿಲು, ಅಮ್ಮನ ಜೊತೆ

ಜಪಾನಿನ ನಾರಾ ಪ್ರಾಂತ್ಯದ ಹಸೆದೆರಾ ದೇವಸ್ಥಾನಕ್ಕೆ ಮೊದಲ ಸಲ ಹೋದದ್ದು ಮೇ 5ಕ್ಕೆ. ಸಾಲು ರಜೆಯ ಜನಜಂಗುಳಿ, ಹಿಂದಿನ ರಾತ್ರಿ ಜೋರು ಮಳೆ. ನಾನು ನೋಡಬೇಕೆಂದಿದ್ದ ಬೋಟನ್ (ಪಿಯೋನಿ) ಹೂಗಳ ದಳಗಳೆಲ್ಲ ಉದುರಿ ಮಣ್ಣಿಗೆ ಅಂಟಿದ್ದವು. ತುಂಬಾ ಬೇಜಾರಾಯಿತು.

ಮರುವರ್ಷ ಅಮ್ಮ ಮಂಗಳೂರಿನಿಂದ ಒಸಾಕಾಕ್ಕೆ ಬಂದಾಗ ರಜೆ ಶುರುವಾಗುವ ಮುಂಚೆಯೇ, ಏಪ್ರಿಲ್ ಕೊನೆಯ ಒಂದು ಮಂಗಳವಾರ ಹೋದೆವು. 8.30ಕ್ಕೆ ಬಾಗಿಲು ತೆರೆಯುವಾಗಲೇ ಅಲ್ಲಿದ್ದೆವು. ಅಷ್ಟು ಬೇಗ ಹೋಗಿ, ಜನರೂ ಇರುವುದಿಲ್ಲ, ಬಿಸಿಲಿಗೆ ಹೂ ಬಾಡಿಯೂ ಇರುವುದಿಲ್ಲ.

ಬಾಗಿಲಿನಿಂದ ಮುಖ್ಯ ಮಂದಿರಕ್ಕೆ 399 ಕಲ್ಲಿನ ಮೆಟ್ಟಿಲು. ಅಮ್ಮನಿಗೆ ಗಂಟು ನೋವು, ನನಗೆ ಅದೇ ಚಿಂತೆ. ಆದರೆ ಮೆಟ್ಟಿಲುಗಳು ತೀರಾ ಗಿಡ್ಡ, ಮೇಲೆ ಉದ್ದಕ್ಕೂ ಮಾಡು, ಸಾಲಾಗಿ ತೂಗುವ ಉರುಟು ದೀಪಗಳು. ಎರಡೂ ಬದಿಗೆ ಬೋಟನ್. ಬಿಳಿ, ಗುಲಾಬಿ, ಕಡುಕೆಂಪು, ಒಂದೊಂದು ಹೂವೂ ಅಂಗೈಗಿಂತ ದೊಡ್ಡದು. ಇಡೀ ಆವರಣದಲ್ಲಿ ಸುಮಾರು 150 ಬಗೆಯ 7,000 ಗಿಡಗಳಿವೆ. ಹತ್ತು ಮೆಟ್ಟಿಲಿಗೊಮ್ಮೆ ನಿಂತು ಹೂ ನೋಡಿದ್ದರಿಂದ ಅಮ್ಮನಿಗೆ ಹತ್ತಿದ್ದೇ ಗೊತ್ತಾಗಲಿಲ್ಲ.

ಮಂದಿರ 1650ರದ್ದು. ಒಳಗೆ 1538ರಲ್ಲಿ ಮರದಲ್ಲಿ ಕೆತ್ತಿದ ಹನ್ನೊಂದು ಮುಖದ ಕನ್ನೊನ್, ಹತ್ತು ಮೀಟರಿಗೂ ಎತ್ತರ. ಕನ್ನೊನ್ ಅಂದರೆ ಅವಲೋಕಿತೇಶ್ವರ, ಬೌದ್ಧರ ಕರುಣೆಯ ಬೋಧಿಸತ್ವ ಎಂದೆ. "ಹಾಗಾದ್ರೆ ನಮ್ಮ ಕದ್ರಿಯ ಲೋಕೇಶ್ವರನೇ ಅಲ್ವಾ ಮಾರಾಯ್ತಿ?" ಎಂದರು ಅಮ್ಮ. ಹೌದು, ಮಂಗಳೂರಿನ ಕದ್ರಿ ದೇವಸ್ಥಾನದ ಲೋಕೇಶ್ವರನೂ ಅವನೇ.

ವಸಂತದಲ್ಲಿ ಮತ್ತು ಶರತ್ಕಾಲದಲ್ಲಿ ಇಲ್ಲಿ ವಿಶೇಷ ದರ್ಶನ ಇರುತ್ತದೆ. ಬೇರೆ ಟಿಕೆಟ್ ಆದರೂ ಖಂಡಿತ ತಗೊಳ್ಳಿ. ಕೈಗೆ ಐದು ಬಣ್ಣದ ದಾರ ಕೊಡುತ್ತಾರೆ, ನಮ್ಮಲ್ಲಿ ಕಂಕಣ ಕಟ್ಟಿದ ಹಾಗೆ. ಆಮೇಲೆ ಕೆಳಗಿಳಿದು ಕನ್ನೊನ್‌ನ ಪಾದ ಮುಟ್ಟಬಹುದು. ಜನ ಮುಟ್ಟಿ ಮುಟ್ಟಿ ಅದು ಕಪ್ಪಗೆ ಹೊಳೆಯುತ್ತಿತ್ತು. ಅಮ್ಮ ಎರಡೂ ಕೈ ಇಟ್ಟು ತುಂಬಾ ಹೊತ್ತು ಕಣ್ಣು ಮುಚ್ಚಿ ನಿಂತರು. ಏನು ಬೇಡಿಕೊಂಡಿರಿ ಅಂತ ನಾನು ಕೇಳಲಿಲ್ಲ.

ಅವಸರದಲ್ಲಿ ಇಳಿಯಬೇಡಿ. ನಾವು ಮಂದಿರದ ಮರದ ಜಗಲಿಯಲ್ಲಿ ಬೆಟ್ಟ ನೋಡುತ್ತಾ ಸುಮ್ನೆ ಇದ್ದೆವು. ಸರಿಯಾಗಿ 12 ಗಂಟೆಗೆ ಗಂಟೆ ಬಾರಿಸಿ ಶಂಖ ಊದಿದರು. ಅಮ್ಮ ತಟ್ಟನೆ ಎದ್ದು ಸೆರಗು ಹೊದ್ದು ಕೈ ಮುಗಿದರು.