ಓಣಿ ವಹಿ ಹಿಡಿದು ಪಾಲಿಕೆಗೆ: ನನ್ನ ಅನುಭವ

"ಓಣಿ ಲೆಕ್ಕ ಬರೆದು ಯಾರೂ ಕಾರ್ಪೊರೇಟರ್ ಆಗಂಗಿಲ್ಲ, ಜಾತಿ ಲೆಕ್ಕ ಬರಿ" ಅಂತ ನನಗೆ ಬುದ್ಧಿ ಹೇಳಿದವರು ಬಹಳ. 2021ರ ಸೆಪ್ಟೆಂಬರ್ 6ಕ್ಕೆ ಹುಬ್ಬಳ್ಳಿ-ಧಾರವಾಡ ಪಾಲಿಕೆಯ ಫಲಿತಾಂಶ ಬಂದಾಗ ಅವರೇ ಮೊದಲು ಗುಲಾಲು ಹಚ್ಚೋಕೆ ಬಂದರು. ಪಕ್ಷ, ವಾರ್ಡ್ ನಂಬರ್ ಇಲ್ಲಿ ಬೇಡ.

ನಮ್ಮ ಕಾಲಕ್ಕೆ ರಾಜ್ಯದ ಕಾಲೇಜುಗಳಲ್ಲಿ ಚುನಾವಣೆ ನಿಂತು ಎಷ್ಟೋ ವರ್ಷವಾಗಿತ್ತು. ಕಾಲೇಜು ಚುನಾವಣೆಗೆ ನಿಯಮ ಸೂಚಿಸಿದ ಲಿಂಗ್ಡೊ ಸಮಿತಿ ವಿದ್ಯಾರ್ಥಿ ಅಭ್ಯರ್ಥಿಯ ಖರ್ಚಿಗೆ 5,000 ರೂಪಾಯಿ ಮಿತಿ ಹಾಕಿದ್ದು ನಾವು ಪೇಪರಿನಲ್ಲಿ ಓದಿದ್ದಷ್ಟೇ. ನಮಗೆ ಮತಪೆಟ್ಟಿಗೆಯೇ ಇರಲಿಲ್ಲ. ಬಸ್ ಪಾಸು, ಸ್ಕಾಲರ್‌ಶಿಪ್ಪು, ಹಾಸ್ಟೆಲ್ ಊಟಕ್ಕಾಗಿ ಧಾರವಾಡದ ಡಿಸಿ ಕಚೇರಿ ಮುಂದೆ ಕೂತವನೇ ಲೀಡರ್. ನನ್ನ ಒಂದು ಕರೆಗೆ ಮುನ್ನೂರು-ನಾನ್ನೂರು ಹುಡುಗರು ಸೇರುತ್ತಿದ್ದರು.

2013ರ ಪಾಲಿಕೆ ಚುನಾವಣೆಗೆ ಆ ಗುಂಪಿನ ಬಲದ ಮೇಲೆ ನಿಂತೆ. ಮೂರನೇ ಸ್ಥಾನ. ಹುಡುಗರು ಮನಸ್ಸಿಟ್ಟು ದುಡಿದರು, ಆದರೆ ಅವರ ಹೆಸರು ಇದ್ದದ್ದು ರೋಣ, ಸವಣೂರು, ಬಾದಾಮಿ ಕಡೆಯ ಮತದಾರರ ಪಟ್ಟಿಗಳಲ್ಲಿ. ಎರಡೂವರೆ ಲಕ್ಷದ ಹತ್ತಿರ ಹೋಯಿತು. ಅರ್ಧಕ್ಕರ್ಧ ಗಾಡಿ, ಫ್ಲೆಕ್ಸು, ಗಿರ್ಮಿಟ್-ಮಿರ್ಚಿಗೆ. ಅಕ್ಕನ ಬಂಗಾರ ಬಿಡಿಸೋಕೆ ಮೂರು ವರ್ಷ ಹಿಡಿಯಿತು.

ಆಮೇಲೆ ಶುರುವಾದದ್ದು ಓಣಿ ಲೆಕ್ಕದ ವಹಿ. ಮತದಾರರ ಪಟ್ಟಿಯನ್ನು ಓಣಿವಾರು ಹರಿದು ಅಂಟಿಸಿ, ಸತ್ತವರು, ಮದುವೆಯಾಗಿ ಹೋದವರು, ಹೊಸ ಬಾಡಿಗೆಯವರು ಅಂತ ಬೇರೆ ಬೇರೆ ಬಣ್ಣದ ಗುರುತು. ಹದಿನೆಂಟು ತುಂಬಿದ ಹುಡುಗ-ಹುಡುಗಿಯರಿಗೆ ಪಟ್ಟಿಗೆ ಹೆಸರು ಸೇರಿಸುವ ಅರ್ಜಿ, ನಮೂನೆ 6, ತುಂಬಿಸಿದ್ದು ಐದಾರು ನೂರಾದರೂ ಇರಬೇಕು. ರೊಕ್ಕ ಹೋಗಿದ್ದು ಜೆರಾಕ್ಸಿಗೆ ಮಾತ್ರ.

ನಡುವೆ ಒಂದು ಟೆನಿಸ್‌ಬಾಲ್ ಟೂರ್ನಮೆಂಟ್ ಮಾಡಿಸಿದೆ. ನಲವತ್ತು ಸಾವಿರ ಖರ್ಚು; ಕಪ್ ಗೆದ್ದವರು ಬೇರೆ ವಾರ್ಡಿನವರು! ನೀರಿನ ಪ್ರಯೋಗ ಮಾತ್ರ ಹತ್ತಿತು. ಕೆಲವು ವಾರ್ಡುಗಳಿಗೆ 24 ತಾಸು ನೀರು, ನಮ್ಮ ಕಡೆ ವಾರಕ್ಕೊಮ್ಮೆ, ಅದೂ ಯಾವ ಹೊತ್ತಿಗೋ. ವಾಲ್ವ್ ಬಿಡುವವನ ಸ್ನೇಹ ಮಾಡಿ, ಓಣಿಗೊಂದು ವಾಟ್ಸಾಪ್ ಗುಂಪಿನಲ್ಲಿ "ರಾತ್ರಿ ಎರಡಕ್ಕೆ ಬರತದ" ಅಂತ ಹಾಕುತ್ತಿದ್ದೆ. ಹೆಣ್ಣುಮಕ್ಕಳಿಗೆ ನನ್ನ ಹೆಸರು ಗೊತ್ತಾದದ್ದೇ ಹೀಗೆ.

ಹಳೆ ಪಾಲಿಕೆಯ ಅವಧಿ 2019ಕ್ಕೇ ಮುಗಿದಿತ್ತು. ಚುನಾವಣೆ ಆಗಲೇ ಇಲ್ಲ. ಈ ನಡುವೆ 67 ವಾರ್ಡು ಒಡೆದು 82 ಆದವು. ಹಳೆ ಮಂದಿಯ ಭದ್ರ ಏರಿಯಾಗಳು ಎರಡು-ಮೂರು ಪಾಲಾದವು, ಅವರ ಏಜೆಂಟರಿಗೇ ಯಾವ ಮನೆ ಎಲ್ಲಿಗೆ ಹೋಯಿತು ಗೊತ್ತಿಲ್ಲ. ನನ್ನ ವಹಿ ಇದ್ದದ್ದು ಓಣಿವಾರು. ಗಡಿ ಎಲ್ಲಿಗೆ ಸರಿದರೂ ಹಾಳೆ ಆಚೀಚೆ ಇಟ್ಟರೆ ಮುಗಿಯಿತು, ಒಂದೇ ರಾತ್ರಿಯ ಕೆಲಸ. ವಾರ್ಡಿನ ಮೀಸಲಾತಿಯೂ ಕೈಕೊಡಲಿಲ್ಲ, ಅದು ನನ್ನ ನಸೀಬು. ಕೊರೊನಾ ನಿರ್ಬಂಧದಿಂದ ದೊಡ್ಡ ಮೆರವಣಿಗೆ ಇಲ್ಲ, ಮನೆ ಮನೆಗೆ ನಾಲ್ಕೈದು ಜನ ಹೋಗಬೇಕಷ್ಟೇ. ರೊಕ್ಕ ಇದ್ದವರಿಗೆ ಕೈ ಕಟ್ಟಿತು, ನನಗೆ ಹಬ್ಬ. ಒಟ್ಟು ಖರ್ಚು ಒಂದೂಕಾಲು ಲಕ್ಷ ದಾಟಿಲ್ಲ.

ಮತದಾನದ ಮಧ್ಯಾಹ್ನ ಎರಡರ ಮೇಲೆ ವಹಿ ನೋಡಿ ಏನು ಮಾಡಿದೆವು ಅನ್ನೋದು ಹೇಳುವುದಿಲ್ಲ. ಕಾನೂನಿನೊಳಗೇ ಇದೆ, ಆದರೆ ಮುಂದಿನ ಸಲಕ್ಕೂ ಬೇಕು. ಇನ್ನೂರು ಚಿಲ್ಲರೆ ಮತಗಳಿಂದ ಗೆದ್ದೆ.

ಗೆದ್ದರೂ ಕುರ್ಚಿ ಬೇಗ ಸಿಗಲಿಲ್ಲ. ಮೇಯರ್ ಚುನಾವಣೆ ಆದದ್ದು 2022ರ ಮೇ ತಿಂಗಳಲ್ಲಿ. ಅಲ್ಲಿತನಕ ಸಭೆ ಇಲ್ಲ, ಅನುದಾನ ಇಲ್ಲ, ಜನರ ಫೋನು ಮಾತ್ರ ನಿಲ್ಲಲಿಲ್ಲ. ಪುಣ್ಯಕ್ಕೆ ವಾಲ್ವ್‌ನವನ ನಂಬರ್ ಇತ್ತು.